ಏಜ್ ಆಫ್ ಎಂಪೈರ್ಸ್ 2: ಪರದೆಯ ದೋಷಗಳು

ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿ, ಮೈಕ್ರೋಸಾಫ್ಟ್ 1999ರಲ್ಲಿ ಹೊರತಂದ ರಣತಂತ್ರದ ಗೇಮ್ ‘ಏಜ್ ಆಫ್ ಎಂಪೈರ್ಸ್ 2’. ಎಂಟು ಮಂದಿಯವರೆಗೆ ಜಾಲದ ಮೂಲಕ ಒಟ್ಟಿಗೆ ಆಡಬಹುದು. ಬಣ್ಣ ಕೆಡುವುದು, ಚಿತ್ರ ಮಿನುಗುವುದು, ಪರದೆ ಕಪ್ಪಾಗುವುದು ಇದರಲ್ಲಿ ಕಂಡುಬರುವ ದೋಷಗಳು. ಇಂಥದ್ದು ಎದುರಾದಾಗ ಇಂಟರ್ನೆಟ್ಟನ್ನೋ ಎದುರಾಳಿಯನ್ನೋ ದೂರಿ ಪ್ರಯೋಜನವಿಲ್ಲ. ಈ ಗೇಮ್ ಜಾಲದಲ್ಲಿ ಚಿತ್ರಗಳನ್ನು ಕಳಿಸುವುದೇ ಇಲ್ಲ. ಆಟಗಾರರು ಕೊಟ್ಟ ಆಜ್ಞೆಗಳು ಮಾತ್ರ ರವಾನೆಯಾಗುತ್ತವೆ. ಪ್ರತಿ ಕಂಪ್ಯೂಟರೂ ಇಡೀ ಯುದ್ಧವನ್ನು ತಾನೇ ಲೆಕ್ಕಹಾಕಿ ತನ್ನ ಪರದೆಯ ಮೇಲೆ ಬಿಡಿಸುತ್ತದೆ. ನೂರಾರು ಸೈನಿಕರ ಕಾಳಗ ಆ ಕಾಲದ 28.8 ಕೆಬಿಪಿಎಸ್ ಮೋಡೆಮ್ಮಿನಲ್ಲೂ ನಡೆದದ್ದು ಈ ಜಾಣ ವ್ಯವಸ್ಥೆಯಿಂದಲೇ. ಹಾಗಾಗಿ ಒಬ್ಬರ ಪರದೆಯಲ್ಲಿ ಹುಲ್ಲು ಕೆಂಪಾದರೂ ಉಳಿದವರಿಗೆ ಅದು ಹಸಿರೇ.

ಹುಲ್ಲು ಕೆಂಪಾಗುವ ಈ ದೋಷ ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರ ಕಾಲದಲ್ಲಿ ಬಹಳ ಆಟಗಾರರನ್ನು ಕಾಡಿತು. ಮೂಲ ಗೇಮ್ 8-ಬಿಟ್ ಬಣ್ಣಗಳಲ್ಲಿ ಓಡುತ್ತಿತ್ತು. ಅಂದರೆ ಒಂದು ಸಲಕ್ಕೆ 256 ಬಣ್ಣಗಳ ಒಂದೇ ಪಟ್ಟಿ. ಪ್ರತಿ ಚುಕ್ಕೆಯೂ ಆ ಪಟ್ಟಿಯ ಒಂದು ಸಂಖ್ಯೆಯನ್ನಷ್ಟೇ ಹೊತ್ತಿರುತ್ತದೆ. ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಎಕ್ಸ್‌ಪ್ಲೋರರ್ ತನ್ನ ಬಣ್ಣಗಳಿಗಾಗಿ ಪಟ್ಟಿಯ ಕೆಲವು ಸ್ಥಾನಗಳನ್ನು ಬದಲಿಸಿಬಿಟ್ಟರೆ, ಚುಕ್ಕೆಯ ಸಂಖ್ಯೆ ಹಾಗೇ ಇದ್ದು ಅದರ ಬಣ್ಣ ಮಾತ್ರ ಬೇರೆಯಾಗುತ್ತದೆ. ಆಟಗಾರರು ಇದಕ್ಕೆ ಉಪಾಯ ಕಂಡುಕೊಂಡರು: ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರ್ ನಿಲ್ಲಿಸಿ, ಗೇಮ್ ಆಡಿ, ಆಮೇಲೆ ಮತ್ತೆ ಶುರುಮಾಡುವುದು. ಕೆಲಸವೇನೋ ಆಗುತ್ತದೆ, ಆದರೆ ಅಷ್ಟು ಹೊತ್ತು ಡೆಸ್ಕ್‌ಟಾಪ್ ಇರುವುದಿಲ್ಲ. ಹಳೆಯ ಡೈರೆಕ್ಟ್‌ಡ್ರಾ ಕರೆಗಳನ್ನು ಇಂದಿನ ಗ್ರಾಫಿಕ್ಸ್ ವ್ಯವಸ್ಥೆಗೆ ಹೊಂದಿಸುವ ‘ಸಿಎನ್‌ಸಿ-ಡಿಡ್ರಾ’ದಂಥ ಉಚಿತ ತಂತ್ರಾಂಶ ಅದಕ್ಕಿಂತ ಉತ್ತಮ ದಾರಿ, ದೋಷದ ಬೇರನ್ನೇ ಅದು ಮುಟ್ಟುತ್ತದೆ.

ದೋಷ ಯಾವುದೇ ಇರಲಿ, ಸೆಟ್ಟಿಂಗ್‌ಗಳಿಗೆ ಕೈಹಾಕುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ನೋಡಬೇಕು. ಅಲ್ಲಿ ಚಿತ್ರ ಸರಿಯಾಗಿದ್ದರೆ ಮಾನಿಟರ್, ಕೇಬಲ್‌ಗಳ ಕಡೆ ಅನುಮಾನ ತಿರುಗಬೇಕು; ಅಲ್ಲೂ ಕೆಟ್ಟಿದ್ದರೆ ತಪ್ಪು ಗೇಮಿನದೋ ಗ್ರಾಫಿಕ್ಸ್ ಡ್ರೈವರಿನದೋ ಆಗಿರುತ್ತದೆ. ಆಟದ ರೆಕಾರ್ಡಿಂಗ್ ಇನ್ನೂ ಒಳ್ಳೆಯ ಸಾಕ್ಷಿ. ಅದರಲ್ಲಿ ಇರುವುದೂ ಆಜ್ಞೆಗಳೇ ಆದ್ದರಿಂದ, ಗೇಮಿನ ಅದೇ ಆವೃತ್ತಿಯಿರುವ ಗೆಳೆಯರ ಕಂಪ್ಯೂಟರಿನಲ್ಲಿ ಹಾಕಿದರೆ ಅದೇ ಯುದ್ಧ ಮತ್ತೆ ನಡೆಯುತ್ತದೆ. ದೋಷ ಅಲ್ಲಿ ಕಾಣದಿದ್ದರೆ ಮೊದಲ ಕಂಪ್ಯೂಟರನ್ನೇ ಪರೀಕ್ಷಿಸಬೇಕು.

2019ರ ಡೆಫಿನಿಟಿವ್ ಎಡಿಷನ್‌ನಲ್ಲಿ 256 ಬಣ್ಣಗಳ ತೊಡಕಿಲ್ಲ. ಅಲ್ಲಿ ಚಿತ್ರ ಕೆಟ್ಟರೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡುವುದು, ಸ್ಟೀಮ್‌ನಲ್ಲಿ ಗೇಮಿನ ಫೈಲುಗಳನ್ನು ತಾಳೆನೋಡುವುದು, ಹಾಕಿಕೊಂಡ ಮಾಡ್‌ಗಳನ್ನು ತೆಗೆದು ನೋಡುವುದು ಮೊದಲ ಹೆಜ್ಜೆಗಳು.

ಒಬ್ಬರ ತೊಂದರೆ ಎಲ್ಲರಿಗೂ ತಟ್ಟುವುದು ನಿಧಾನಗತಿಯಲ್ಲಿ ಮಾತ್ರ. ಎಲ್ಲ ಕಂಪ್ಯೂಟರುಗಳೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬೇಕಾದ್ದರಿಂದ, ಗ್ರಾಫಿಕ್ಸ್ ಭಾರಕ್ಕೆ ಒಂದು ಯಂತ್ರ ತತ್ತರಿಸಿದರೂ ಇಡೀ ಆಟ ತೆವಳುತ್ತದೆ. ಈ ಕಾರಣಕ್ಕೇ ಡೆಫಿನಿಟಿವ್ ಎಡಿಷನ್ ಬಿಡುಗಡೆಯಾದಾಗ, ರ‍್ಯಾಂಕ್ ಪಂದ್ಯಗಳನ್ನು ಆಡಲು ಗೇಮಿನೊಳಗಿನ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ ಕನಿಷ್ಠ 1000 ಅಂಕ ಪಡೆಯುವುದನ್ನು ಕಡ್ಡಾಯ ಮಾಡಲಾಗಿತ್ತು.