ಬಯಲಿನ ಕಂಠ, ಬಯಲಿನ ರಸಿಕ

ಮಲಪ್ರಭೆಯ ಸೀಮೆಯಾದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಸುಗ್ಗಿಯ ಕಾಳು ಮನೆ ಸೇರಿದ ಮೇಲೆ, ನೆಚ್ಚಿನ ಹಾಡುಗಾರ್ತಿಯ ಮೇಳ ನೆರೆಯೂರಿಗೆ ಬಂದಿದೆಯೆಂಬ ವಾರ್ತೆ ಕಿವಿಗೆ ಬಿದ್ದೊಡನೆ ಚಕ್ಕಡಿ ಹೂಡಿ, ಬುತ್ತಿ ಕಟ್ಟಿ, ಹೆಗಲಿಗೆ ಕಂಬಳಿಯೇರಿಸಿ ಹೊರಟು, ಬೆಳ್ಳಿ ಮೂಡುವವರೆಗೂ ಬರಿ ನೆಲದ ಮೇಲೆ ಕುಳಿತು ಕೇಳಿ ಮರಳುತ್ತಿದ್ದ ರಸಿಕನ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಮಡಿದುದು, 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಾಲವಾದುದು, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು ಸರಕಾರದ ಕಾಗದಗಳಲ್ಲಿ ದಾಖಲಾಗಿವೆ; ಆದರೆ ಓದುಬರಹವಿಲ್ಲದ ಜನದ ನಾಲಗೆಯಲ್ಲಿ ಆ ವೀರರನ್ನು ತಲೆಮಾರುಗಳ ಕಾಲ ಉಳಿಸಿದುದು ಲಾವಣಿ, ಗೀಗೀ ಪದಗಳ ಮೇಳಗಳೂ ಅವುಗಳ ಎದುರಿಗೆ ನಿದ್ದೆಗೆಟ್ಟು ಕುಳಿತ ಈ ಅನಾಮಿಕನೂ ಅಲ್ಲವೇ?

ಬಯಲಿಗೆ ಗೋಡೆಯಿಲ್ಲ, ಛಾವಣಿಯಿಲ್ಲ. ಹೊರಟ ನಾದವನ್ನು ತಡೆದು ಹಿಂದಿರುಗಿಸುವುದು ಅಲ್ಲಿ ಯಾವುದೂ ಇಲ್ಲ. ಕಟ್ಟಕಡೆಯ ಸಾಲಿನಲ್ಲಿ ಎತ್ತಿನ ಕೊರಳಿಗೆ ಆತು ಕುಳಿತವನಿಗೂ ಮಾತು ಮುಟ್ಟಬೇಕಾದರೆ ಶ್ರುತಿ ಏರಲೇಬೇಕು. ಗೀಗೀ ಮೇಳದಲ್ಲಿ ಮುಂದಿನವಳು ಪದದ ಸಾಲನ್ನು ಎತ್ತಿಕೊಟ್ಟೊಡನೆ ಹಿಂದೆ ನಿಂತವರು ದಪ್ಪು, ತುಂತುಣಿ, ತಾಳಗಳೊಡನೆ ಅದನ್ನು ಹಿಡಿದು ಮೇಲಕ್ಕೊಯ್ಯುವರು. ಆ ಅಲ್ಪಾವಕಾಶದಲ್ಲಿ ಅವಳು ಉಸಿರು ಸುಧಾರಿಸಿಕೊಂಡು ಮುಂದಿನ ಸಾಲಿಗೆ ಅಣಿಯಾಗುವಳು. ಶಾಸ್ತ್ರೀಯ ಸಂಗೀತದ ಕಿವಿಯುಳ್ಳ ಕೆಲವರು ಇದನ್ನು ಬರಿಯ ಕೂಗೆಂದು ತಳ್ಳಿಹಾಕಿದ್ದುಂಟು. ಅದು ಅನ್ಯಾಯದ ತೀರ್ಪು. ರಾತ್ರಿಯಿಡೀ ಅಷ್ಟು ಎತ್ತರದಲ್ಲಿ ಒಂದಕ್ಷರವೂ ಮಸುಳದಂತೆ ಕಥೆಯನ್ನು ನಡೆಸುವುದು ಸಾಮಾನ್ಯ ಸಾಧನೆಯಲ್ಲ. ಹೆಣ್ಣಿನ ಪಕ್ಷವನ್ನು ಮೇಲೆತ್ತುವ ನಾಗೇಶಿ, ಗಂಡಿನ ಪಕ್ಷವನ್ನು ಮೇಲೆತ್ತುವ ಹರದೇಶಿ ಮೇಳಗಳು ಎದುರುಬದುರಾಗಿ ಸವಾಲು ಜವಾಬಿಗೆ ನಿಂತಾಗ ಸಭೆಯೂ ಎರಡಾಗುತ್ತಿತ್ತು. ಎದುರಾಳಿಯ ಸವಾಲಿಗೆ ತನ್ನ ಮೇಳ ಏನು ಉತ್ತರ ಕೊಟ್ಟೀತೆಂಬ ಆತಂಕದಲ್ಲಿ ರಸಿಕನಿಗೆ ತೂಕಡಿಕೆಯಾದರೂ ಎಲ್ಲಿಯದು!

ಈ ಸೀಮೆಯ ಆಟಗಳಲ್ಲಿ ‘ಸಂಗ್ಯಾ ಬಾಳ್ಯಾ’ದಷ್ಟು ಜನರ ಎದೆಯನ್ನು ಹೊಕ್ಕ ಸಣ್ಣಾಟ ಬೇರೊಂದಿಲ್ಲ. ಪರಸತಿಯಾದ ಗಂಗೆಗೆ ಮನಸೋತ ಸಂಗ್ಯಾ, ಪ್ರಾಣಮಿತ್ರನಾದ ಬಾಳ್ಯಾನ ದ್ರೋಹಕ್ಕೆ ಸಿಕ್ಕಿ, ಗಂಗೆಯ ಗಂಡನ ಕಡೆಯವರ ಕೈಯಲ್ಲಿ ಹತನಾಗುವ ಈ ಕಥೆಯ ಆಟವನ್ನು ಪತ್ತಾರ ಮಾಸ್ತರರು ಕಟ್ಟಿದರೆಂದು ಪ್ರತೀತಿ, ಡಾ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ನಾಡಿಗೆ ಪರಿಚಯಿಸಿದರು. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಬೇಡರ ದಂಗೆಯ ಪದದಂತೆಯೇ ಸಂಗ್ಯಾನ ಪದವೂ ಇದೆ. ಆದುದರಿಂದ ಆಟ ನೋಡಹೋದವರಲ್ಲಿ ಎಷ್ಟೋ ಮಂದಿಗೆ ಕಥೆಯ ಕೊನೆ ಮೊದಲೇ ಗೊತ್ತಿದ್ದಿರಬೇಕು; ಸಂಗ್ಯಾ ಸಾಯುವನೆಂದು ತಿಳಿದೂ, ಇಂದಿನ ಹಾಡುಗಾರ ಆ ಸಾವಿನ ಪದವನ್ನು ಹೇಗೆ ಎತ್ತುವನೆಂಬುದಕ್ಕಾಗಿಯೇ ಅವರು ಹರದಾರಿ ನಡೆದು ಹೋಗುತ್ತಿದ್ದರು.

ಹೆಸರು ಉಳಿದವರೂ ಇದ್ದಾರೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ‘ಕಲಾವೈಭವ ನಾಟ್ಯ ಸಂಘ’ವನ್ನು ಕಟ್ಟಿ, ಬಸವೇಶ್ವರನ ಪಾತ್ರದಿಂದ ಮನೆಮಾತಾಗಿ, ನೂರು ವರ್ಷ ದಾಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರ ಕಂಠವನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುವರು. ಗೋಕಾವಿ ಕಡೆಯ ಕೌಜಲಗಿ ನಿಂಗಮ್ಮನವರು ‘ಶ್ರೀಕೃಷ್ಣ ಪಾರಿಜಾತ’ದಿಂದ ಗಳಿಸಿದ ಕೀರ್ತಿಗೆ ತಾಲೂಕಿನ ಗಡಿಯೇ ಇರಲಿಲ್ಲ. ಪದ ಮನ ಮುಟ್ಟಿದಾಗ ಅಭಿಮಾನಿ ಎದ್ದು ಬಂದು ಆಯೇರಿ ಮಾಡುವುದು, ಮೇಳದವರು ಅವನ ಊರು ಹೆಸರುಗಳನ್ನು ಸಭೆಗೆಲ್ಲ ಕೇಳುವಂತೆ ಸಾರುವುದು, ಅವನು ಬಯಸಿದ ಪದ ಮತ್ತೊಮ್ಮೆ ಏಳುವುದು, ಇದು ಬಯಲಿನ ಮರ್ಯಾದೆ. ಆದರೆ ಒಂದು ಮಾತನ್ನು ನೋವಿನಿಂದಲೇ ಬರೆಯಬೇಕಾಗಿದೆ: ರಾತ್ರಿ ಸತ್ಯಭಾಮೆಯ ಹಾಡಿಗೆ ತಲೆದೂಗಿದ ಊರು, ಹಗಲಿನಲ್ಲಿ ಆ ಹಾಡುಗಾರ್ತಿಗೆ ಸಮಾನಳೆಂಬ ಸ್ಥಾನವನ್ನು ಕೊಡಲು ಹಿಂಜರಿಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚೌಡಿಕೆ ನುಡಿಸಿ ಹಾಡುವ ಜೋಗತಿಯರ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ದೀವಟಿಗೆ ಹೋಗಿ ಗ್ಯಾಸಬತ್ತಿ ಬಂದಿತು, ಅದೂ ಹೋಗಿ ವಿದ್ಯುದ್ದೀಪ ಬಂದಿತು. ಇವುಗಳಿಂದ ಕಂಠಕ್ಕೆ ಬಾಧೆಯಾಗಲಿಲ್ಲ. ಧ್ವನಿವರ್ಧಕ ಬಂದ ಮೇಲೆ ಮಾತ್ರ ಏರುದನಿಯ ಅಗತ್ಯ ಕುಗ್ಗಿತು. ಈಗ ವರ್ಷಂಪ್ರತಿ ಅಕ್ಟೋಬರದಲ್ಲಿ ಜರಗುವ ಕಿತ್ತೂರು ಉತ್ಸವಕ್ಕೆ ಸಾವಿರಾರು ಜನ ಸೇರಿ ದೂರದೂರಿನ ಗಾಯಕರನ್ನು ಕೇಳಿ ಸಂತೋಷಪಡುತ್ತಾರೆ, ಅದು ತಪ್ಪಲ್ಲ. ಆದರೆ ಅಂಥ ವೇದಿಕೆಯಲ್ಲಿ ಒಂದು ಮೇಳಕ್ಕೆ ದೊರೆಯುವ ಕಾಲ ಮಿತವಾದುದು, ‘ಸಂಗ್ಯಾ ಬಾಳ್ಯಾ’ ಇಡೀ ರಾತ್ರಿಯನ್ನು ಬೇಡುವ ಆಟ. ಉತ್ಸವದ ಒಂದು ರಾತ್ರಿಯನ್ನಾದರೂ ಬೆಳಗಿನವರೆಗೆ ಒಂದೇ ಸಣ್ಣಾಟದ ಮೇಳಕ್ಕೆ, ಧ್ವನಿವರ್ಧಕವಿಲ್ಲದೆ, ಬಿಟ್ಟುಕೊಡಬೇಕೆಂದು ನಡೆಸುವವರನ್ನು ಕೇಳಿಕೊಳ್ಳುತ್ತೇನೆ.