ಕಾರ್ಯಪ್ಪ ಮತ್ತು ಮಾಜಿ ಸೈನಿಕರ ಸೌಲಭ್ಯಗಳು

ಕೊಡಂದೆರ ಮಾದಪ್ಪ ಕಾರ್ಯಪ್ಪ (1899–1993): ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ. ನಿವೃತ್ತಿಯ ಅನಂತರ ಮಾಜಿ ಸೈನಿಕರ ಹಿತಕ್ಕಾಗಿ ದುಡಿದವರು. ಹುಟ್ಟಿದ್ದು ಕೊಡಗಿನ ಶನಿವಾರಸಂತೆಯಲ್ಲಿ. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು ಅಧಿಕಾರಿಯಾದರು. 1949ರ ಜನವರಿ 15ರಂದು ಜನರಲ್ ಫ್ರಾನ್ಸಿಸ್ ಬುಚರ್ ಅವರಿಂದ ಸೇನೆಯ ಹೊಣೆ ವಹಿಸಿಕೊಂಡರು. ಆ ದಿನವೇ ಇಂದಿಗೂ ಸೇನಾ ದಿನ. ಕಾರ್ಯಪ್ಪನವರ ಯುದ್ಧ ಜೀವನದ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ದಂಡು ಬಿಟ್ಟು ಊರಿಗೆ ಬಂದ ಸಿಪಾಯಿಗಾಗಿ ಅವರು ಮಾಡಿದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

1953ರ ಜನವರಿ 14ರಂದು ನಿವೃತ್ತರಾಗುವ ಮೊದಲು ಕಾರ್ಯಪ್ಪ ತಮ್ಮ ಮೂಲ ಪಡೆಯಾದ ರಜಪೂತ್ ರೆಜಿಮೆಂಟಿನ ಕೇಂದ್ರಕ್ಕೆ ಮಕ್ಕಳೊಡನೆ ಹೋಗಿ ವಿದಾಯ ಹೇಳಿ ಬಂದರು. ಆಮೇಲೆ 1956ರವರೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್. 1964ರಲ್ಲಿ ಮಾಜಿ ಸೈನಿಕರ ಸಂಸ್ಥೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಸ್ಥಾಪಿಸಿದರು.

ಇಂಥದೊಂದು ಸಂಸ್ಥೆ ಬೇಕಾದದ್ದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಸಂವಿಧಾನದ 33ನೇ ವಿಧಿ ಮತ್ತು 1950ರ ಸೇನಾ ಕಾಯ್ದೆಯ 21ನೇ ಕಲಮು ಸೈನಿಕನ ಸಂಘಟನೆಯ ಹಕ್ಕಿಗೆ, ಬಹಿರಂಗವಾಗಿ ಮಾತನಾಡುವ ಹಕ್ಕಿಗೆ ಕಡಿವಾಣ ಹಾಕಿವೆ. ಗಿರಣಿಯ ಕಾರ್ಮಿಕ ಮುಷ್ಕರ ಹೂಡಬಹುದು, ಸಮವಸ್ತ್ರದಲ್ಲಿರುವವನು ಹೂಡುವಂತಿಲ್ಲ. ಹೂಡಬಾರದು ಎಂಬುದೂ ಸರಿಯೇ. ಆದರೆ ಅವನ ಪರವಾಗಿ ಸರ್ಕಾರದ ಬಾಗಿಲು ತಟ್ಟುವವರು ಸಮವಸ್ತ್ರ ಕಳಚಿದವರೇ ಆಗಬೇಕಾಗುತ್ತದೆ, ಅದರಲ್ಲೂ ದೆಹಲಿಯಲ್ಲಿ ಮಾತಿಗೆ ತೂಕವಿರುವ ನಿವೃತ್ತ ಅಧಿಕಾರಿಗಳು. ಕಾರ್ಯಪ್ಪನವರಿಗೆ ಆ ತೂಕವಿತ್ತು. 1965ರ ಯುದ್ಧದಲ್ಲಿ ಮಗ ಪಾಕಿಸ್ತಾನದ ಸೆರೆಯಾದಾಗ, ಬಿಡುಗಡೆ ಮಾಡುತ್ತೇವೆಂದು ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹೇಳಿಕಳುಹಿಸಿದರೂ, ಸೆರೆಸಿಕ್ಕ ಎಲ್ಲ ಜವಾನರಿಗಿಲ್ಲದ ರಿಯಾಯಿತಿ ತಮ್ಮ ಮಗನಿಗೆ ಬೇಡವೆಂದ ಪ್ರಸಂಗ ಮನೆಮಾತು. 1986ರಲ್ಲಿ, 87ರ ವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಕಾರ್ಯಪ್ಪ ಯಾರಿಗಾಗಿ ದುಡಿದರೋ ಆ ಜವಾನನ ಕಷ್ಟದ ಮೂಲ ಅವನು ಬೇಗ ನಿವೃತ್ತನಾಗುವುದರಲ್ಲಿದೆ. ಪಿಂಚಣಿಗೆ ಜವಾನನಿಗೆ 15 ವರ್ಷದ ಸೇವೆ ಸಾಕು, ಅಧಿಕಾರಿಗೆ 20 ವರ್ಷ ಬೇಕು. ಹದಿನೆಂಟು ಇಪ್ಪತ್ತರಲ್ಲಿ ಸೇರಿದ ಹುಡುಗ ನಲವತ್ತು ತುಂಬುವ ಮೊದಲೇ ಊರಿಗೆ ವಾಪಸ್. ಮಕ್ಕಳು ಆಗಿನ್ನೂ ಶಾಲೆಯಲ್ಲಿ. ಬೇರೆ ಸರ್ಕಾರಿ ನೌಕರರಿಗಿಂತ ಎರಡು ದಶಕ ಮೊದಲೇ ಸಂಬಳ ನಿಲ್ಲುವುದರಿಂದ, ಒಂದೇ ಹುದ್ದೆಯಲ್ಲಿ ಅಷ್ಟೇ ಕಾಲ ದುಡಿದು ಬೇರೆ ಬೇರೆ ವರ್ಷ ನಿವೃತ್ತರಾದವರಿಗೆ ಬೇರೆ ಬೇರೆ ಪಿಂಚಣಿ ಬರುವುದು ದೊಡ್ಡ ಕೊರಗಾಯಿತು. ‘ಏಕ ಶ್ರೇಣಿ ಏಕ ಪಿಂಚಣಿ’ ಬೇಡಿಕೆ ಹುಟ್ಟಿದ್ದು ಹೀಗೆ. 2015ರ ಜೂನ್‌ನಿಂದ ನಿವೃತ್ತ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ನವೆಂಬರ್ 7ರಂದು ಆದೇಶ ಹೊರಬಿದ್ದು, 2014ರ ಜುಲೈ 1ರಿಂದ ಪೂರ್ವಾನ್ವಯವಾಯಿತು. ಬಾಕಿಗಾಗಿ ಕಾಯುವುದು ಜವಾನನ ಹಣೆಬರಹ ಮಾತ್ರ ಎಂದುಕೊಳ್ಳಬೇಕಿಲ್ಲ: ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಅವರ ಸಂಬಳದ ಬಾಕಿ ಕೈಸೇರಿದ್ದು 2007ರಲ್ಲಿ, ಅವರು ಸಾಯುವ ಹಿಂದಿನ ವರ್ಷ.

ಕಾರ್ಯಪ್ಪನವರ ಹುಟ್ಟೂರಿಗೆ ದೂರವಲ್ಲದ ಹಾಸನ ಜಿಲ್ಲೆಯಲ್ಲಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ, ನಿವೃತ್ತ ಯೋಧನನ್ನು ಬರಮಾಡಿಕೊಳ್ಳುವ ಸಂಭ್ರಮ ಈಚೆಗೆ ಹೆಚ್ಚಿದೆ. ತೆರೆದ ಜೀಪು, ಗುಲಾಬಿ ಹಾರ, ತ್ರಿವರ್ಣ ಧ್ವಜ, ಮುಂದೆ ವಾದ್ಯ. ಹಳ್ಳಿಯ ಹೆಬ್ಬಾಗಿಲಲ್ಲಿ ಆರತಿ. ಮರುವಾರದಿಂದ ಕಾಗದಪತ್ರದ ಕಾಲ. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು ಗೌರಮ್ಮ, ಆಧಾರ್‌ನಲ್ಲಿ ಗೌರಿ. ಸೇವಾ ದಾಖಲೆಯಲ್ಲಿ ಮಗಳ ಹುಟ್ಟಿದ ದಿನ ಒಂದು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು. ಇದನ್ನು ಸರಿಮಾಡಬೇಕಾದದ್ದು ತಾಲ್ಲೂಕು ಕಚೇರಿಯಲ್ಲ, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸು: ಮದ್ರಾಸ್ ರೆಜಿಮೆಂಟಿನವರಿಗೆ ವೆಲಿಂಗ್ಟನ್, ಮದ್ರಾಸ್ ಸ್ಯಾಪರ್‌ಗಳಿಗೆ ಬೆಂಗಳೂರು. ಪಿಂಚಣಿ ಮಂಜೂರಾಗುವುದು ಪ್ರಯಾಗರಾಜ್‌ನಲ್ಲಿ. ಯೋಧ ಬದುಕಿರುವಾಗ ಎಷ್ಟೋ ಸಲ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕುಟುಂಬ ಪಿಂಚಣಿಗೆ ಹೆಂಡತಿ ಅರ್ಜಿ ಹಾಕಿದ ದಿನ ಅಡ್ಡ ಬರುತ್ತದೆ. ಹಾಸನದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ಮಾಜಿ ಸೈನಿಕರ ಸಂಘಗಳ ಹಿರಿಯರು ಇಂಥ ಕಾಗದಗಳನ್ನು ಓದಿ, ಬರೆದು ಕಳಿಸುವ ಕೆಲಸಕ್ಕೆ ನೆರವಾಗುತ್ತಾರೆ. ಸೌಲಭ್ಯ ಕೊಡಿಸುವುದೆಂದರೆ ಹೆಚ್ಚಿನ ಪಾಲು ಇದೇ. ಇದಕ್ಕೆ ಹಾರ ಬೀಳುವುದು ಕಡಿಮೆ.

ಜಮೀನಿನ ವಿಷಯ ಇನ್ನೂ ಜಟಿಲ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಮಾಜಿ ಸೈನಿಕರಿಗೂ ಸೈನಿಕರಿಗೂ ಪಾಲು ಮೀಸಲಿಟ್ಟಿವೆ. ಆದರೆ ಹಂಚಲು ಸರ್ಕಾರಿ ಭೂಮಿ ಇರಬೇಕಲ್ಲ. ಹೇಮಾವತಿ ಜಲಾಶಯದಲ್ಲಿ ಭೂಮಿ ಮುಳುಗಿದವರಿಗೂ ಜಮೀನು ಹುಡುಕಬೇಕಾದ ಹಾಸನ ಜಿಲ್ಲೆಯಲ್ಲಿ ಕಷ್ಟ ಇಮ್ಮಡಿ. ವೈದ್ಯಕೀಯ ನೆರವಿನಲ್ಲಿ ಸ್ಥಿತಿ ವಾಸಿ: 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ (ಇಸಿಎಚ್‌ಎಸ್) ಪಿಂಚಣಿದಾರರಿಗೂ ಅವಲಂಬಿತರಿಗೂ ಚಿಕಿತ್ಸೆಯಿದೆ.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆ ಸೇವೆ, ಪಿಂಚಣಿಯ ಈ ಲೆಕ್ಕವನ್ನೇ ಬದಲಿಸಿದೆ. ಅದರಡಿ ಸೇನೆ ಸೇರಿ ನಾಲ್ಕು ವರ್ಷ ಮುಗಿಸಿದ ಅಗ್ನಿವೀರರಲ್ಲಿ ಗರಿಷ್ಠ ಶೇ. 25 ಮಂದಿ ಸೇನೆಯಲ್ಲಿ ಮುಂದುವರಿಯುತ್ತಾರೆ. ಉಳಿದವರಿಗೆ ಸೇವಾನಿಧಿಯ ಇಡಿಗಂಟು ಸಿಗುತ್ತದೆ. ಪಿಂಚಣಿಯಾಗಲಿ, ‘ಮಾಜಿ ಸೈನಿಕ’ ಎಂಬ ಸ್ಥಾನವಾಗಲಿ ಆ ಯೋಜನೆಯಲ್ಲಿ ಅವರಿಗಿಲ್ಲ.