ಚರಿತ್ರೆಯ ತಿರುವುಗಳೂ ಹಾಸನ ಸೀಮೆಯ ಎರಡು ಶಾಸನಗಳೂ

ಮಾನವಕುಲದ ಚರಿತ್ರೆಯಲ್ಲಿ ಮಹತ್ತರವಾದ ತಿರುವುಗಳಾವುವೆಂದು ಕೇಳಿದರೆ ವಿದ್ವಾಂಸರು ಕೊಡುವ ಉತ್ತರವು ಬಹುಮಟ್ಟಿಗೆ ಒಂದೇ ಬಗೆಯಾಗಿರುವುದು. ಬೇಟೆಯಾಡುತ್ತ ಅಲೆಯುತ್ತಿದ್ದ ಮನುಷ್ಯನು ಬೀಜವನ್ನು ಬಿತ್ತಿ ಒಂದೆಡೆ ನೆಲೆನಿಂತುದು. ಅದಿರಿನಿಂದ ಕಬ್ಬಿಣವನ್ನು ತೆಗೆಯಲು ಕಲಿತುದು. ಆಡುವ ನುಡಿಗೆ ಲಿಪಿಯನ್ನು ಕಟ್ಟಿದುದು. 15ನೆಯ ಶತಮಾನದಲ್ಲಿ ಜರ್ಮನಿಯ ಗುಟೆನ್‌ಬರ್ಗನು ಅಚ್ಚಿನ ಮೊಳೆಗಳಿಂದ ಗ್ರಂಥಗಳನ್ನು ಮುದ್ರಿಸಿದುದು. 18ನೆಯ ಶತಮಾನದಲ್ಲಿ ಉಗಿಯು ಯಂತ್ರಗಳನ್ನು ನಡೆಸತೊಡಗಿದುದು. ಈ ಎಣಿಕೆಯು ಯುಕ್ತವಾದುದೇ. ತಿರುವೆಂದ ಮೇಲೆ ಅದನ್ನು ದಾಟಿದ ಜನರ ಬಾಳು ಮೊದಲಿನ ಜಾಡಿನಲ್ಲಿಯೇ ಸಾಗಬಾರದು. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ, ಪಾಠಪುಸ್ತಕಗಳಲ್ಲಿ ದಪ್ಪ ಅಕ್ಷರಗಳಿಂದ ಅಚ್ಚಾಗಿರುವ ಎಷ್ಟೋ ಕದನಗಳು ಬಣ್ಣಗೆಡುವುವು.

ಹಾಸನ ಸೀಮೆಯನ್ನೇ ನೋಡಬಹುದು. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಂದು ಬಿದ್ದಿತು. 17ನೆಯ ಶತಮಾನದಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೋಟೆಗಳು ನಾಯಕರ ಕೈತಪ್ಪಿ ಮೈಸೂರರಸರ ವಶವಾದುವು. ರಾಜಮನೆತನಗಳ ಪಾಲಿಗೆ ಇವು ಪ್ರಳಯಸದೃಶವಾದ ಸಂಗತಿಗಳು. ಹೇಮಾವತಿಯ ದಡದ ಬೇಸಾಯಗಾರನಾದರೋ, ಒಬ್ಬನಿಗೆ ಕೊಡುತ್ತಿದ್ದ ಕಂದಾಯವನ್ನು ಇನ್ನೊಬ್ಬನಿಗೆ ಕೊಟ್ಟು, ಮಳೆ ಬಂದಾಗ ಹಿಂದಿನಂತೆಯೇ ಆರು ಹೂಡಿದನು. ಆತನ ಬಾಳನ್ನು ನಿಜವಾಗಿ ತಿರುಗಿಸಿದುದು ಆಫ್ರಿಕಾ ಖಂಡದಿಂದ ಎಂದೋ ಈ ನೆಲಕ್ಕೆ ಬಂದ ರಾಗಿ. ಅದನ್ನು ತಂದವನಾರೆಂದು ಯಾವ ಶಾಸನವೂ ಹೇಳುವುದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಡಾ. ಎಂ. ಎಚ್. ಕೃಷ್ಣರವರಿಂದ ಬೆಳಕಿಗೆ ಬಂದ, ಸುಮಾರು 450ರದೆಂದು ಗಣಿಸಲ್ಪಟ್ಟಿರುವ ಕನ್ನಡ ಶಾಸನವು ಅಂತಹ ಮತ್ತೊಂದು ತಿರುವಿನ ಗುರುತು. ಕೊಟ್ಟ ಮಾತು ಕೊಟ್ಟವನ ಉಸಿರಿನೊಡನೆ ಅಳಿಯದೆ, ನಾಡಿನ ಜನರ ನುಡಿಯಲ್ಲಿಯೇ ಕಲ್ಲಿನ ಮೇಲೆ ನಿಲ್ಲುವ ಕಾಲವು ಬಂದಿದ್ದಿತು.

ಲಿಪಿಯಿಂದ ಸಾಧ್ಯವಾದ ಇನ್ನೊಂದು ತಿರುವು ಮೇಲಿನ ಎಣಿಕೆಗಳಲ್ಲಿ ಸಾಮಾನ್ಯವಾಗಿ ಕಾಣಬರುವುದಿಲ್ಲ. ಬಲಿಷ್ಠನಾದವನು ತನ್ನ ಬಲವನ್ನು ತಾನೇ ಬರೆದುಕೊಟ್ಟ ಮಾತಿನಿಂದ ಕಟ್ಟಿಕೊಳ್ಳುವುದು, ಅದರಲ್ಲಿಯೂ ಮತಧರ್ಮದ ವಿಷಯದಲ್ಲಿ ಕಟ್ಟಿಕೊಳ್ಳುವುದು, ಬೀಜ ಬಿತ್ತುವುದಕ್ಕಿಂತ ಕಷ್ಟತರವಾದ ವಿದ್ಯೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟ ಅಶೋಕನು, ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ತರುವನೆಂದು 12ನೆಯ ಶಿಲಾಶಾಸನದಲ್ಲಿ ಸಾರಿದನು. ಭೀಮಾನದಿಯ ದಡದ ಸನ್ನತಿಯಲ್ಲಿ 1980ರ ದಶಕದ ಕೊನೆಯಲ್ಲಿ ಕಾಳಿಕಾದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ದೊರೆತ ಶಾಸನಗಳಲ್ಲಿ ಅದೂ ಒಂದು. ಆದರೆ ಅದು ಚಕ್ರವರ್ತಿಯ ಉಪದೇಶವೇ ಹೊರತು ವ್ಯಾಜ್ಯದ ತೀರ್ಪಲ್ಲ. ಕಚ್ಚಾಡುವ ಇಬ್ಬರನ್ನು ಮುಂದೆ ನಿಲ್ಲಿಸಿಕೊಂಡು ಒಂದು ನೇಮವನ್ನು ಬರೆಸುವ ಕೆಲಸವು ಅದಕ್ಕಿಂತ ತೊಡಕಿನದು. ಅಂತಹ ಎರಡು ಬರಹಗಳು ಹಾಸನ ಸೀಮೆಯಲ್ಲಿಯೇ ಇರುವುವು.

ಮೊದಲನೆಯದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿದೆ. ಅದರ ಕಾಲವು ಶಕ 1290ನೆಯ ಕೀಲಕ ಸಂವತ್ಸರ, ಎಂದರೆ ಕ್ರಿ. ಶ. 1368. ಹೊಯ್ಸಳ ಮನೆತನವು ಅಸ್ತಮಿಸಿ ಒಂದು ತಲೆಮಾರು ಕಳೆದಿರಲಿಲ್ಲ. ವಿಜಯನಗರದಲ್ಲಿ ಬುಕ್ಕರಾಯನು ಆಳುತ್ತಿದ್ದನು. ಜೈನರಿಗೂ ಶ್ರೀವೈಷ್ಣವರಿಗೂ (ಶಾಸನವು ಇವರನ್ನೇ ಭಕ್ತರೆಂದು ಕರೆಯುವುದು) ವಿವಾದವು ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ರಾಯನಿಗೆ ಬಿನ್ನವಿಸಿದರು. ರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕೂಡಿಸಿದನು. ಆ ಸಭೆಯವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲಗಳ ಹೆಸರೂ ಇರುವುದನ್ನು ವಾಚಕರು ಗಮನಿಸತಕ್ಕುದು. ದೇವಾಲಯದ ಒಳಗೆ ನಿತ್ಯವೂ ಪ್ರವೇಶವಿಲ್ಲದಿದ್ದವರ ಒಪ್ಪಿಗೆಯೂ ಒಪ್ಪಂದಕ್ಕೆ ಬೇಕಾಗಿದ್ದಿತು.

ಅನಂತರ ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಿಗೆ ಭೇದವಿಲ್ಲವೆಂದೂ, ಜೈನರಿಗೆ ಪಂಚಮಹಾವಾದ್ಯಗಳೂ ಕಳಶವೂ ಮೊದಲಿನಂತೆ ಸಲ್ಲತಕ್ಕುವೆಂದೂ, ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯಬೇಕೆಂದೂ ಕಟ್ಟಳೆಯಾಯಿತು. ಆ ಕಟ್ಟಳೆಯನ್ನು ನಾಡಿನ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಬರೆಸುವ ಹೊಣೆಯು ಬಿದ್ದುದು ದೂರು ಕೊಟ್ಟವರ ಮೇಲಲ್ಲ, ದೂರಿಗೆ ಒಳಗಾದ ಶ್ರೀವೈಷ್ಣವರ ಮೇಲೆ. ಜೈನರು ಮನೆಗೊಂದು ಹಣದಂತೆ ಪ್ರತಿವರ್ಷವೂ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಟ್ಟು, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಒಬ್ಬ ವೈಷ್ಣವನ ಕೈಯಿಂದ ಜಿನಾಲಯದ ಗೋಡೆಗೆ ಸುಣ್ಣ! ಭಾಷಣದ ಸೌಹಾರ್ದವು ಬಹುಬೇಗ ಆರಿಹೋಗುವುದು. ಬುಕ್ಕರಾಯನ ಆಸ್ಥಾನದವರು ಅದನ್ನು ಕಾವಲು, ಲೆಕ್ಕ, ಸುಣ್ಣಗಳಿಗೆ ಇಳಿಸಿದರು. ಆದರೂ ಅದು ತಾನಾಗಿಯೇ ನಿಲ್ಲಲಿಲ್ಲ. ಕಲ್ಲೆಹದ ಬುಸುವಿಸೆಟ್ಟಿಯು ಮತ್ತೆ ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಕೊನೆಯ ಪಂಕ್ತಿಗಳು ತಿಳಿಸುತ್ತವೆ. ಉಭಯ ಸಮಯದವರೂ ಕೂಡಿ ಆತನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.

ಎರಡನೆಯ ಶಾಸನವು ಇದಕ್ಕೆ 270 ವರ್ಷಗಳ ಈಚಿನದು. ವೀರಶೈವ ಮಠಗಳ ಶಿಷ್ಯವರ್ಗಕ್ಕೆ ಹೆಚ್ಚು ಹತ್ತಿರದ್ದು. ಹಳೇಬೀಡಿನಲ್ಲಿ 1133ರಲ್ಲಿ ಗಂಗರಾಜನ ಮಗನಾದ ಬೊಪ್ಪನು ಕಟ್ಟಿಸಿದ ವಿಜಯಪಾರ್ಶ್ವನಾಥನ ಬಸದಿ ಇರುವುದು. ಬೇಲೂರಿನಲ್ಲಿ ವೆಂಕಟಾದ್ರಿನಾಯಕನು ಆಳುತ್ತಿದ್ದಾಗ, 1638ರಲ್ಲಿ, ಹುಚ್ಚಪ್ಪದೇವನೆಂಬಾತನು ಆ ಬಸದಿಯ ಕಂಬದ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಒರೆಸಿಹಾಕಿದನು. ಇಷ್ಟು ಸಣ್ಣ ಕಾರಣದಿಂದ ಊರುಗಳೇ ಉರಿದುಹೋದ ನಿದರ್ಶನಗಳು ಲೋಕದಲ್ಲಿ ಕಡಮೆಯಿಲ್ಲ. ಇಲ್ಲಿ ಪದ್ಮಣ್ಣಸೆಟ್ಟಿಯೇ ಮೊದಲಾದ ಜೈನ ವರ್ತಕರು ಮೊರೆಹೊಕ್ಕುದು ಪ್ರತಿಪಕ್ಷದ ಹಿರಿಯರಾದ ಮಹಾಮಹತ್ತಿನವರನ್ನೇ. ಹಳೇಬೀಡು, ಪುಷ್ಪಗಿರಿಗಳ ವೀರಶೈವ ಗುರುಗಳು ಸೇರಿ ವಿಚಾರಿಸಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆ, ದೀಪಾರಾಧನೆ, ಉತ್ಸವಗಳನ್ನು ಪೂರ್ವಮರ್ಯಾದೆಯಂತೆ ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ವಿಧಿಸಿದರು. ಈ ಜಿನಧರ್ಮಕ್ಕೆ ವಿರೋಧ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ, ಕಾಶಿ ರಾಮೇಶ್ವರಗಳ ಲಿಂಗಗಳಿಗೆ ದ್ರೋಹಿ ಎಂಬ ಅರ್ಥದ ಶಾಪವಾಕ್ಯವನ್ನೂ ಬರೆಸಿದರು. ಜಿನಾಲಯದ ರಕ್ಷಣೆಗೆ ಶಿವನ ಆಣೆಯು ಕಾವಲಾಯಿತು. ಬೆಳ್ಗೊಳದಲ್ಲಿ ರಾಜದಂಡವು ನಡುವೆ ನಿಂತಿದ್ದಿತು. ಹಳೇಬೀಡಿನಲ್ಲಿ ತೀರ್ಪಿತ್ತವರು ಗುರುಗಳು, ಅದೂ ತಮ್ಮವನೊಬ್ಬನ ಕೃತ್ಯದ ವಿಷಯದಲ್ಲಿ.

ಆ 1638ರಲ್ಲಿ ಯೂರೋಪಿನ ನಡುನಾಡುಗಳು ಮತದ ಹೆಸರಿನಲ್ಲಿ ಮೊದಲಾದ ಮೂವತ್ತು ವರ್ಷಗಳ ಯುದ್ಧದಲ್ಲಿ ಬೇಯುತ್ತಿದ್ದುವು. 1618ರಲ್ಲಿ ಹತ್ತಿದ ಆ ಬೆಂಕಿಯು 1648ರ ವೆಸ್ಟ್‌ಫೇಲಿಯಾ ಸಂಧಿಯವರೆಗೆ ಆರಲಿಲ್ಲ. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂಟ್ ನಗರದಲ್ಲಿ ಪ್ರಾಟೆಸ್ಟೆಂಟರಿಗೆ ಕೊಟ್ಟ ಅಭಯಪತ್ರವನ್ನು ಅವನ ಮೊಮ್ಮಗನಾದ ಹದಿನಾಲ್ಕನೆಯ ಲೂಯಿಯು 1685ರಲ್ಲಿ ರದ್ದುಮಾಡಲು, ಲಕ್ಷಗಟ್ಟಲೆ ಜನರು ದೇಶಬಿಟ್ಟು ಹೋದರು. ಇದನ್ನು ಹೇಳುವುದು ಆತ್ಮಪ್ರಶಂಸೆಗಾಗಿ ಅಲ್ಲ. ಬೆಳ್ಗೊಳದ ಜೈನರು ತಮ್ಮ ರಕ್ಷಣೆಗೆ ತಾವೇ ಹಣ ತೆರಬೇಕಾಯಿತು. ಹಳೇಬೀಡಿನ ಜೈನರು ತಮ್ಮ ಬಸದಿಯಲ್ಲಿಯೇ ಪರಮತದ ವಿಭೂತಿಗೆ ಮೊದಲು ಮಣಿಯಬೇಕಾಯಿತು. ಇದು ಸಮಾನರ ಒಪ್ಪಂದವಲ್ಲ, ಮೇಲಿನವರು ಕೆಳಗಿನವರಿಗೆ ಕೊಟ್ಟ ಭಾಷೆ. ಸಮಾನತೆಯ ನೆಲೆಯಲ್ಲಿ ಅದೇ ಹಕ್ಕನ್ನು ಬರೆದುಕೊಡಲು 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 25ನೆಯ ಹಾಗೂ 26ನೆಯ ಅನುಚ್ಛೇದಗಳವರೆಗೆ ಕಾಯಬೇಕಾಯಿತು. ಕಬ್ಬಿಣದ ವಿದ್ಯೆಯನ್ನು ಒಮ್ಮೆ ಕಲಿತ ಜನಾಂಗವು ಅದನ್ನು ಮರೆಯುವುದಿಲ್ಲ. ಈ ತಿರುವಿನ ಸ್ವಭಾವವೇ ಬೇರೆ. ಒಂದೇ ಸೀಮೆಯವರು 1368ರಲ್ಲಿ ಒಮ್ಮೆ ತಿರುಗಿದರು, 1638ರಲ್ಲಿ ಮತ್ತೆ ತಿರುಗಬೇಕಾಯಿತು.

ಬಿ. ಎಲ್. ರೈಸರು ಬೆಳ್ಗೊಳದ ಶಾಸನಗಳನ್ನು 1889ರಲ್ಲಿಯೂ ಹಾಸನ ಜಿಲ್ಲೆಯ ಇತರ ಶಾಸನಗಳನ್ನು 1902ರಲ್ಲಿಯೂ ಮುದ್ರಿಸಿ ಪ್ರಕಟಿಸಿದರು. ಬೆಳ್ಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದರು. ಬುಕ್ಕರಾಯನ ಕಟ್ಟಳೆಯ ಇನ್ನೊಂದು ಪ್ರತಿಯು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ಕಟ್ಟಳೆಯನ್ನು ನಾಡಿನ ಬೇರೆಡೆಗಳಲ್ಲಿಯೂ ಕಲ್ಲಿನಲ್ಲಿ ಬರೆಸಿದುದಕ್ಕೆ ಆ ಕಲ್ಲೇ ಸಾಕ್ಷಿ.